ಗೋಂದಿನ ಗುಳಿಗೆ ಮೊದಲ ತಾಸಿನಲ್ಲೇ ಕೈಕೊಟ್ಟರೆ ಎಲ್ಲಿ ಹುಡುಕಬೇಕು

ಏಪ್ರಿಲ್ ತಿಂಗಳ ಮಧ್ಯಾಹ್ನ. ಕಲಬುರಗಿಯ ಏಪ್ರಿಲ್ ಅಂದಮೇಲೆ ಬಿಸಿಲಿನ ಸುದ್ದಿ ಬೇರೆ ಹೇಳಬೇಕಿಲ್ಲ. ಲ್ಯಾಬಿನ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಎಂ.ಫಾರ್ಮ್ ಎರಡನೇ ವರ್ಷದ ಹುಡುಗಿ, ಜೇವರ್ಗಿ ಕಡೆಯವಳು, ನೋಟ್‌ಬುಕ್ ಎದೆಗೆ ಒತ್ತಿಕೊಂಡು ಬಂದು ನಿಂತಳು.

"ಸರ್, ಜನವರಿಯಾಗ ಹನ್ನೆರಡು ತಾಸು ನಿಂತಿತ್ರೀ. ಈಗ ಒಂದೇ ತಾಸಿನ್ಯಾಗ ಅರ್ಧಕ್ಕಿಂತ ಜಾಸ್ತಿ ಹೊರಗ ಬರ್ಲಾಕತ್ತದ. ಫಾರ್ಮುಲಾ ಅದೇ ಅದ, ಮಷೀನೂ ಅದೇ ಅದ."

"ಗಮ್ಮಿನ ಪೊಟ್ಟಣನೂ ಅದೇ ಅದ ಏನವ್ವಾ?"

ಸುಮ್ಮನಾದಳು.

ಅವಳ ಗುಳಿಗೆಯಲ್ಲಿ ಗೊಂದಲ ಪಡುವಂಥದ್ದು ಏನೂ ಇರಲಿಲ್ಲ. ಒಟ್ಟು 300 ಮಿ.ಗ್ರಾಂ. ಅದರಲ್ಲಿ 90 ಡಿಲ್ಟಿಯಜೆಮ್, 120 ಗ್ವಾರ್ ಗಮ್ ಎಂಬ ಗೋಂದು, ಉಳಿದದ್ದು ಎಂಸಿಸಿ (ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್, ಗುಳಿಗೆ ಗಟ್ಟಿಯಾಗಿ ಕೂಡಲು ಹಾಕುವ ಪುಡಿ), ಟಾಲ್ಕ್, ಚಿಟಿಕೆ ಮೆಗ್ನೀಸಿಯಂ ಸ್ಟಿಯರೇಟ್. ಡಿಲ್ಟಿಯಜೆಮ್ ಬಿಪಿಗೆ, ಎದೆನೋವಿಗೆ ಕೊಡುವ ಔಷಧಿ. ನೀರಿಗೆ ಬಿದ್ದರೆ ಸಕ್ಕರೆಯಂತೆ ಕರಗುತ್ತದೆ. ಅದನ್ನು ಹಿಡಿದಿಟ್ಟು ಹನ್ನೆರಡು ತಾಸು ನಿಧಾನಕ್ಕೆ ಹೊರಗೆ ಬಿಡುವ ಕೆಲಸ ಪೂರ್ತಿ ಗಮ್ಮಿನದು.

ಈ ಲ್ಯಾಬಿನಲ್ಲಿ ಬಹಳ ವರ್ಷ ಕಳೆದವನು ನಾನು. ಅಂಟಿನ ಗುಳಿಗೆ ಕೆಟ್ಟಿತು ಅಂದರೆ ಹುಡುಗರು ಮೊದಲು ಕೈ ಹಾಕುವುದು ಫಾರ್ಮುಲಾಕ್ಕೆ. ಗಮ್ಮು 40 ಪರ್ಸೆಂಟ್ ಇದ್ದದ್ದು 50 ಆಗುತ್ತದೆ, ಆಮೇಲೆ 60. ಗುಳಿಗೆ ಹುಣಸೆ ಬೀಜದಷ್ಟು ದಪ್ಪ ಆಗುತ್ತದೆ, ದೋಷ ಅಲ್ಲೇ ಕೂತಿರುತ್ತದೆ. ನಾನು ಹೋಗುವ ದಾರಿ ಉಲ್ಟಾ. ಮೊದಲು ಅಳತೆ ಸರಿ ಇದೆಯಾ ನೋಡುತ್ತೇನೆ. ಆಮೇಲೆ ಗಮ್ಮು. ಆಮೇಲೆ ಮಷೀನು. ಫಾರ್ಮುಲಾ ಕಟ್ಟಕಡೆಗೆ.

ಗುಳಿಗೆಯೊಳಗೆ ಆಗಬೇಕಾದದ್ದು ಏನು

ಝುಣಕ ಮಾಡುವಾಗ ಕುದಿಯುವ ನೀರಿಗೆ ಕಡಲೆ ಹಿಟ್ಟನ್ನು ಒಮ್ಮೆಲೇ ಸುರಿದು ನೋಡಿ. ಗಂಟು ಕಟ್ಟುತ್ತದೆ. ಆ ಗಂಟನ್ನು ಚಮಚದಿಂದ ಒಡೆದರೆ ಹೊರಗೆ ಬೆಂದು ಅಂಟಾದ ಸಿಪ್ಪೆ, ಒಳಗೆ ಒಣ ಹಿಟ್ಟು. ನೀರು ಒಳಗೆ ಹೋಗಲು ಆ ಸಿಪ್ಪೆಯೇ ಬಿಡಲಿಲ್ಲ. ಅಡುಗೆಮನೆಯಲ್ಲಿ ಅದು ತಪ್ಪು. ಗೋಂದಿನ ಗುಳಿಗೆಯಲ್ಲಿ ಅದೇ ಬೇಕು.

ನೀರು ತಾಗಿದ ಕೂಡಲೇ ಗುಳಿಗೆಯ ಮೈಮೇಲಿನ ಗಮ್ಮು ಉಬ್ಬಿ ಒಂದು ಜೆಲ್ ಪದರ ಕಟ್ಟಬೇಕು. ಅದರೊಳಗಿಂದ ಔಷಧಿ ತೂರಿಕೊಂಡು ನಿಧಾನಕ್ಕೆ ಹೊರಗೆ ಬರುತ್ತದೆ. ಪದರ ಕಟ್ಟುವುದು ತಡವಾದರೆ ನೀರು ನಡುವಿನವರೆಗೆ ನುಗ್ಗುತ್ತದೆ, ಗುಳಿಗೆ ಬಿರಿಯುತ್ತದೆ, ಔಷಧಿ ಒಮ್ಮೆಲೇ ಹೊರಗೆ. ಇದೊಂದು ಓಟದ ಪಂದ್ಯ ಅಂದುಕೊಳ್ಳಿ, ನೀರು ಒಳಗೆ ಹೋಗುವುದಕ್ಕೂ ಗಮ್ಮು ಬಾಗಿಲು ಹಾಕುವುದಕ್ಕೂ. ಮೊದಲ ತಾಸಿನಲ್ಲೇ ಔಷಧಿ ಸುರಿದುಹೋಗಿದೆ ಅಂದರೆ ಬಾಗಿಲು ಹಾಕಲು ತಡವಾಗಿದೆ, ಇಲ್ಲವೇ ಬಾಗಿಲೇ ತೆಳ್ಳಗಿದೆ. ಇವೆರಡೂ ಬೇರೆ ಬೇರೆ ದೋಷ. ಹುಡುಕುವ ದಾರಿಯೂ ಬೇರೆ.

ಮೊದಲು ಅಂಕಿ ನಿಜವೇ?

ಹುಡುಗಿಯ ನೋಟ್‌ಬುಕ್ಕಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೊದಲ ತಾಸಲ್ಲ, ಕೊನೆಯ ತಾಸು. ಹನ್ನೆರಡನೇ ತಾಸಿಗೆ 107 ಪರ್ಸೆಂಟ್ ಅಂತ ಬರೆದಿದ್ದಳು. ಗುಳಿಗೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಔಷಧಿ ಹೊರಗೆ ಬರುವುದು ಹೇಗೆ? ಜನವರಿಯ ಪುಟ ತಿರುವಿದರೆ ಅಲ್ಲೂ 103. ಅಂದರೆ ಅಳತೆಯಲ್ಲೇ ಏನೋ ಇದೆ, ಅದೂ ಮೊದಲಿಂದ ಇದೆ.

ಗುಳಿಗೆಯನ್ನು ಬೆಚ್ಚಗಿನ ದ್ರವದ ಪಾತ್ರೆಗೆ ಹಾಕಿ, ಆಗಾಗ ಸ್ಯಾಂಪಲ್ ತೆಗೆದು, ಎಷ್ಟು ಔಷಧಿ ಹೊರಗೆ ಬಂತು ಅಂತ ಅಳೆಯುತ್ತೇವೆ. ಡಿಲ್ಟಿಯಜೆಮ್ ಅಳೆಯುವುದು ಯುವಿಯಲ್ಲಿ, ಅಂದರೆ ನೇರಳಾತೀತ ಬೆಳಕಿನಲ್ಲಿ, 237 ನ್ಯಾನೋಮೀಟರ್ ಹತ್ತಿರ. ಅಷ್ಟು ಕೆಳಗಿನ ತರಂಗಾಂತರದಲ್ಲಿ ಗಮ್ಮೂ ಸುಮ್ಮನಿರುವುದಿಲ್ಲ. ಗ್ವಾರ್ ಪುಡಿಯಲ್ಲಿ ಸ್ವಲ್ಪ ಪ್ರೋಟೀನ್ ಇರುತ್ತದೆ, ಅದು ಬೆಳಕು ಹೀರುತ್ತದೆ. ಕರಗದ ನಾರು, ಜೆಲ್ಲಿನ ಚೂರು ಬೆಳಕನ್ನು ಚದುರಿಸುತ್ತವೆ. ಯಂತ್ರಕ್ಕೆ ಯಾವುದು ಔಷಧಿ ಯಾವುದು ಮಬ್ಬು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಸೇರಿಸಿ ಒಂದು ಅಂಕಿ ಕೊಡುತ್ತದೆ. 500 ಮಿ.ಗ್ರಾಂ ಮೆಟ್‌ಫಾರ್ಮಿನ್‌ನಂಥ ದೊಡ್ಡ ಡೋಸಿನ ಔಷಧಿಯಾದರೆ ಸ್ಯಾಂಪಲ್ಲನ್ನು ನೂರು ಪಟ್ಟು ತೆಳು ಮಾಡುತ್ತೀರಿ, ಮಬ್ಬೂ ತೆಳುವಾಗಿ ಹೋಗುತ್ತದೆ. ಸಣ್ಣ ಡೋಸಿನದಾದರೆ ಅಷ್ಟು ತೆಳು ಮಾಡುವುದಿಲ್ಲ, ಮಬ್ಬು ಅಲ್ಲೇ ಉಳಿಯುತ್ತದೆ.

ಇದಕ್ಕೆ ಮದ್ದು ಸುಲಭ, ಆದರೆ ಯಾರೂ ಮಾಡುವುದಿಲ್ಲ. ಔಷಧಿ ಇಲ್ಲದ ಗುಳಿಗೆ ಒಂದನ್ನು ಒತ್ತಿ, ಆರು ಪಾತ್ರೆಗಳಲ್ಲಿ ಒಂದಕ್ಕೆ ಹಾಕಿ. ಅದರಿಂದಲೂ ಪ್ರತಿ ಸಲ ಸ್ಯಾಂಪಲ್ ತೆಗೆಯಿರಿ. ಅದರ ಅಂಕಿ ಸೊನ್ನೆಯ ಹತ್ತಿರ ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಸ್ಯಾಂಪಲ್ಲನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಗಮ್ಮಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಸಿರಿಂಜ್ ಜೋರಾಗಿ ಒತ್ತಿದರೆ ಹಾಳೆಯೇ ಹರಿಯುತ್ತದೆ, ಹರಿದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಹಾಗಾಗಿ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದುಕೊಳ್ಳಿ. ಅದಾದ ಮೇಲೂ ಉಳಿದ ಮಬ್ಬನ್ನು ಲೆಕ್ಕದಲ್ಲಿ ಕಳೆಯಿರಿ.

ನಮ್ಮೂರಿಗೆ ವಿಶೇಷವಾದ ಇನ್ನೊಂದಿದೆ. ಹನ್ನೆರಡು ತಾಸಿನ ಓಟ, 37 ಡಿಗ್ರಿ, ಪಾತ್ರೆಯ ಮುಚ್ಚಳ ತೆಗೆದಿಟ್ಟು ಹುಡುಗರು ಚಹಾಕ್ಕೆ ಹೋಗುತ್ತಾರೆ. ಬೇಸಿಗೆಯ ಒಣ ಗಾಳಿ. 900 ಮಿ.ಲೀ. ಇದ್ದದ್ದು ಸಂಜೆಗೆ 900 ಇರುವುದಿಲ್ಲ. ನೀರು ಆರಿದಷ್ಟೂ ಔಷಧಿ ಗಟ್ಟಿಯಾಗಿ ತೋರುತ್ತದೆ. ಮುಚ್ಚಳ ಹಾಕಿ. ತೆಗೆದ 5 ಮಿ.ಲೀ.ಗೆ ಬದಲಾಗಿ ಬಿಸಿ ಮಾಡಿದ ಹೊಸ ಮೀಡಿಯಂ (ಪಾತ್ರೆಯಲ್ಲಿರುವ ಅದೇ ದ್ರವ) ಹಾಕಿ, ತೆಗೆದ ಔಷಧಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟು ಸರಿ ಮಾಡಿದಾಗ ಅವಳ ಕೊನೆಯ ತಾಸಿನ ಅಂಕಿ ಮರ್ಯಾದೆಗೆ ಬಂತು. ಮೊದಲ ತಾಸಿನದು ಸ್ವಲ್ಪವೇ ಇಳಿಯಿತು. ಅಂದರೆ ದೋಷ ನಿಜವಾಗಿಯೂ ಗುಳಿಗೆಯಲ್ಲೇ ಇದೆ.

ಆಮೇಲೆ ಪೊಟ್ಟಣ

ಗ್ವಾರ್ ಅಂದರೆ ಬೇರೇನಲ್ಲ, ನಾವು ಪಲ್ಯ ಮಾಡುವ ಚವಳಿಕಾಯಿ. ಬೆಂಗಳೂರು ಕಡೆಯವರ ಗೋರಿಕಾಯಿ. ಎಳೆಯದಾಗಿ ಕೊಯ್ದರೆ ತರಕಾರಿ, ಬಲಿತು ಒಣಗಿದರೆ ಬೀಜದಲ್ಲಿ ಗಮ್ಮು. ಗಮ್ಮಿಗಾಗಿ ಹೆಚ್ಚು ಬೆಳೆಯುವುದು ರಾಜಸ್ಥಾನದಲ್ಲಿ. ಬೀಜದ ಸಿಪ್ಪೆ ಬಿಡಿಸಿ, ಮೊಳಕೆ ಭಾಗ ಬೇರ್ಪಡಿಸಿ, ನಡುವಿನ ಬಿಳಿ ಹೋಳನ್ನು ಪುಡಿ ಮಾಡುತ್ತಾರೆ. ನಮ್ಮ ದಾಲ್ ಮಿಲ್ಲುಗಳಲ್ಲಿ ತೊಗರಿ ಒಡೆಯುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಬೇಳೆಗೆ ಸಿಪ್ಪೆ ಅಂಟಿ ಉಳಿಯುವ ಹಾಗೆ ಇಲ್ಲೂ ಸಿಪ್ಪೆ, ಮೊಳಕೆ ಉಳಿದುಕೊಳ್ಳುತ್ತವೆ. ಎಷ್ಟು ಉಳಿಯಿತು ಅನ್ನುವುದು ಮಿಲ್ಲಿನ ಮೇಲೆ. ಆಮೇಲೆ ಎಷ್ಟು ಸಣ್ಣಗೆ ಬೀಸಿದರು, ಎಷ್ಟು ಬಿಸಿ ಮಾಡಿದರು, ಎಷ್ಟು ದಿನ ಗೋದಾಮಿನಲ್ಲಿ ಇಟ್ಟರು. ಪೊಟ್ಟಣದ ಮೇಲೆ ಮಾತ್ರ ಎಲ್ಲರೂ ಬರೆಯುವುದು ಒಂದೇ: ಗ್ವಾರ್ ಗಮ್ ಪೌಡರ್.

ಹುಡುಗಿ ಜನವರಿಯಲ್ಲಿ ಬಳಸಿದ್ದು ಗೈಡ್ ಸರ್ ಕೊಟ್ಟ ಹಳೆ ಡಬ್ಬಿ. ಅದು ಮುಗಿಯುತ್ತ ಬಂದಾಗ ಇನ್ನೊಂದು ಅಂಗಡಿಯಿಂದ ಅರ್ಧ ಕಿಲೋ ತಂದಿದ್ದಳು. ಅಂಗಡಿಯ ಹೆಸರು ಇಲ್ಲಿ ಬೇಡ, ಅವರು ಸುಳ್ಳೇನೂ ಹೇಳಿರಲಿಲ್ಲ. ಪುಣ್ಯಕ್ಕೆ ಹಳೆ ಡಬ್ಬಿಯ ತಳದಲ್ಲಿ ಹತ್ತು ಗ್ರಾಂನಷ್ಟು ಉಳಿದಿತ್ತು. ಅದು ಇಲ್ಲದಿದ್ದರೆ ನಮ್ಮ ಪತ್ತೇದಾರಿ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ದ್ರಾವಣ ಎಷ್ಟು ಮಂದ ಅಂತ ಅಳೆಯುವ ಬ್ರೂಕ್‌ಫೀಲ್ಡ್ ವಿಸ್ಕೋಮೀಟರ್ ಇದ್ದರೆ ಒಂದು ಪರ್ಸೆಂಟ್ ದ್ರಾವಣ ಮಾಡಿ ಎರಡು ತಾಸಿನ ಮೇಲೆ ಅಳೆಯಿರಿ. ಒಳ್ಳೆ ಗ್ವಾರ್ ಗಮ್ಮು ಕೆಲವು ಸಾವಿರ ಸೆಂಟಿಪಾಯ್ಸ್ ತೋರಿಸುತ್ತದೆ. ನಮ್ಮದು ಆ ತಿಂಗಳು ರಿಪೇರಿಗೆ ಹೋಗಿತ್ತು, ಯಾವಾಗಲೂ ಬೇಕಾದಾಗಲೇ ಹೋಗುತ್ತದೆ. ಹಾಗಾಗಿ ತುದಿ ಒಡೆದ 10 ಮಿ.ಲೀ. ಪಿಪೆಟ್ ಒಂದನ್ನು ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿದೆವು. ಎರಡೂ ಗಮ್ಮಿನ ಅರ್ಧ ಪರ್ಸೆಂಟ್ ದ್ರಾವಣ, ಎರಡು ಬೀಕರ್. ಬಿಸಿಲಿಗೆ ಗಮ್ಮು ತೆಳುವಾಗುತ್ತದೆ, ಅದಕ್ಕೆ ಎರಡನ್ನೂ ಗಡಿಗೆ ನೀರು ತುಂಬಿದ ಒಂದೇ ಬೋಗುಣಿಯಲ್ಲಿ ಇಟ್ಟೆವು. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಸೆಕೆಂಡ್ ಅಂತ ಅವಳು ಮೊಬೈಲಿನಲ್ಲಿ ಹಿಡಿದಳು.

ಒಂದು ಸಲ ಅಳೆದರೆ ಸಾಲದು, ಮೂರು ಸಲ ಅಳೆಯಬೇಕು. ಕಾಲು ತಾಸಿಗೆ ಒಮ್ಮೆ, ಎರಡು ತಾಸಿಗೆ ಒಮ್ಮೆ, ರಾತ್ರಿ ಫ್ರಿಜ್‌ನಲ್ಲಿಟ್ಟು ಮರುದಿನ ಬೋಗುಣಿಯ ನೀರಿನ ಬಿಸಿಗೆ ತಂದು ಮತ್ತೊಮ್ಮೆ. ಫ್ರಿಜ್ ಬಿಟ್ಟು ಹೊರಗೆ ಇಡಬೇಡಿ. ನಮ್ಮ ಬಿಸಿಲಿಗೆ ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಬಂದು ದ್ರಾವಣ ನೀರಾಗಿರುತ್ತದೆ. ಅದು ಸೂಕ್ಷ್ಮಜೀವಿಗಳ ಕೆಲಸ, ಅದಕ್ಕೆ ಗಮ್ಮಿನ ಗುಣವನ್ನು ದೂರುವುದು ತಪ್ಪು.

ಕಾಲು ತಾಸಿಗೆ ತೆಳು ಇದ್ದು ಮರುದಿನ ಹಳೆ ಗಮ್ಮಿನ ಸಮಕ್ಕೆ ಬಂದರೆ ಪುಡಿ ದಪ್ಪಗಿದೆ ಅಷ್ಟೇ. ಕಣ ದೊಡ್ಡದಾದರೆ ನೀರು ಕುಡಿಯಲು ಹೊತ್ತು ಬೇಕು, ಗುಳಿಗೆಯಲ್ಲಿ ಬಾಗಿಲು ಹಾಕುವುದು ತಡವಾಗುತ್ತದೆ. 100 ನಂಬರ್ ಮೆಶ್ ಜರಡಿಯಲ್ಲಿ ಹಾಯಿಸಿದರೆ ರೋಗ ವಾಸಿ. ಮರುದಿನವೂ ಸಮಕ್ಕೆ ಬರದಿದ್ದರೆ ಗಮ್ಮೇ ದುರ್ಬಲ. ಅದರ ಸರಪಳಿ ಗಿಡ್ಡವಾಗಿದೆ, ಇಲ್ಲವೇ ಸಿಪ್ಪೆ, ಮೊಳಕೆ ಜಾಸ್ತಿ ಇದೆ, ಇಲ್ಲವೇ ಯಾರೋ ಹಿಟ್ಟು ಬೆರೆಸಿದ್ದಾರೆ. ಒಂದು ಹನಿ ಅಯೋಡಿನ್ ಹಾಕಿ. ನೀಲಿ ಬಂದರೆ ಪಿಷ್ಟ ಇದೆ, ಅಂದರೆ ಹಿಟ್ಟು ಬೆರೆತಿದೆ. ಇಂಥ ಪೊಟ್ಟಣವನ್ನು ಎಷ್ಟು ಜರಡಿ ಹಿಡಿದರೂ ಉಪಯೋಗವಿಲ್ಲ.

ನಮ್ಮಲ್ಲಿ ನೀಲಿ ಬರಲಿಲ್ಲ. ಕಾಲು ತಾಸಿಗೆ ಹಳೆಯದು ಅಂಬಲಿಯ ಹಾಗೆ ಇಳಿಯಿತು, ಹೊಸದು ಮಜ್ಜಿಗೆಯ ಹಾಗೆ. ಮರುದಿನ ಹೊಸದು ಸುಮಾರಾಗಿ ಹತ್ತಿರ ಬಂತು, ಪೂರ್ತಿ ಬರಲಿಲ್ಲ. ಎರಡೂ ದೋಷ ಸ್ವಲ್ಪ ಸ್ವಲ್ಪ ಇವೆ, ದಪ್ಪ ಪುಡಿಯದೇ ಜಾಸ್ತಿ. ಜರಡಿ ಹಿಡಿದಾಗ ಮೂರನೇ ಒಂದು ಪಾಲು ಮೇಲೆಯೇ ಉಳಿಯಿತು. ಬೆರಳಲ್ಲಿ ತಿಕ್ಕಿದರೆ ಸಣ್ಣ ರವೆಯ ಹಾಗೆ ಸಿಗುತ್ತಿತ್ತು. ಇದನ್ನು ಪೊಟ್ಟಣ ಒಡೆದ ದಿನವೇ ತಿಕ್ಕಿ ನೋಡಬಹುದಿತ್ತು, ಅಲ್ವಾ?

ಎಲ್ಲ ಅಂಟೂ ಒಂದೇ ಅಲ್ಲ

ಗ್ವಾರ್ ಬಿಟ್ಟು ಬೇರೆ ಅಂಟು ಹಿಡಿದವರ ದೋಷಗಳು ಬೇರೆ. ಹೆಚ್ಚು ಬರುವುದು ಜಾಲಿ ಅಂಟಿನವರು. ಹೊಲದ ಬದುವಿನ ಜಾಲಿ ಮರದಿಂದ ಒಂದು ಚೀಲ ಅಂಟು ಬಿಡಿಸಿಕೊಂಡು ಬರುತ್ತಾರೆ. ನಮ್ಮ ಎರೆ ಹೊಲಗಳಲ್ಲಿ ಅದಕ್ಕೇನು ಬರ. ಬಾಣಂತಿಗೆ ಕೊಡುವ ಅಂಟಿನ ಉಂಡೆಯ ನೆನಪಿನಿಂದ ಇದು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವ ನಂಬಿಕೆ. ಗುಳಿಗೆ ನೋಡಿದರೆ ಅರ್ಧ ತಾಸಿನಲ್ಲಿ ಕರಗಿ ಹೋಗಿರುತ್ತದೆ.

ಅದು ಗುಳಿಗೆಯ ತಪ್ಪಲ್ಲ, ಆಯ್ಕೆಯ ತಪ್ಪು. ಜಾಲಿ, ಗಮ್ ಅರೇಬಿಕ್ ಜಾತಿಯ ಅಂಟು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಎರಡು ಪಾಲು ನೀರಿಗೆ ಒಂದು ಪಾಲು ಹಾಕಿದರೂ ಸುರಿಯಲು ಬರುತ್ತದೆ. ಗ್ವಾರ್ ಆದರೆ ನೂರು ಪಾಲಿಗೆ ಒಂದು ಸಾಕು, ಲೋಳೆ ಆಗುತ್ತದೆ. ಕರಗಿಹೋಗುವ ಅಂಟು ಹನ್ನೆರಡು ತಾಸು ಬಾಗಿಲು ಕಾಯುವುದಿಲ್ಲ. ಪುಡಿಯನ್ನು ಕಾಳು ಕಟ್ಟಲು, ಎಣ್ಣೆ ನೀರು ಬೆರೆಸಲು ಅದು ಒಳ್ಳೆಯದು, ಅಲ್ಲಿ ಬಳಸಿ.

ಜಾಲಿ ಅಂಟಿನಲ್ಲಿ ಇನ್ನೊಂದು ಕಾಟ ಇದೆ, ಆಕ್ಸಿಡೇಸ್ ಎಂಬ ಕಿಣ್ವ. ಮಾರ್ಫಿನ್, ಫೀನಾಲ್, ಥೈಮಾಲ್, ವೆನಿಲಿನ್‌ನಂಥವು ಜೊತೆಗಿದ್ದರೆ ಬಣ್ಣ ತಿರುಗುತ್ತದೆ. ಮಿಶ್ರಣ ಎರಡು ದಿನಕ್ಕೆ ಕಂದಾಗಿದೆ ಅಂತ ಯಾರಾದರೂ ತಂದರೆ ನಾನು ಮೊದಲು ಕೇಳುವುದು ಅಂಟನ್ನು ಕುದಿಸಿದ್ದೀರಾ ಅಂತ. ದ್ರಾವಣವನ್ನು ಸ್ವಲ್ಪ ಹೊತ್ತು ಕುದಿಬಿಂದುವಿಗೆ ತಂದರೆ ಕಿಣ್ವ ಸಾಯುತ್ತದೆ. ಅಂಗಡಿಯವರು ಸೂಡಾನಿನ ಅಸಲಿ ಗಮ್ ಅರೇಬಿಕ್ ಅಂತ ಕೊಟ್ಟದ್ದರ ಬಗ್ಗೆ ಅನುಮಾನ ಇದ್ದರೆ ಪೋಲರಿಮೀಟರಿಗೆ ಹಾಕಿ. ಅಸಲಿ ಅಂಟು ಕೊಡುವ ಸೆನೆಗಲ್ ಜಾತಿಯ ಮರದ್ದು ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ನಮ್ಮ ಜಾಲಿಯದು ಬಲಕ್ಕೆ.

ಕರಾಯ ಗಮ್ಮು, ಇನ್ನೊಂದು ಮರದ ಅಂಟು, ತಂದವರು ಡಬ್ಬಿ ತೆಗೆದು ಮೂಸಿ ನೋಡಲಿ. ವಿನೆಗರ್ ವಾಸನೆ ಅದರ ಹುಟ್ಟುಗುಣ, ಅಸಿಟಿಕ್ ಆಮ್ಲ ಬಿಡುಗಡೆ ಆಗುತ್ತಲೇ ಇರುತ್ತದೆ. ಸ್ವಲ್ಪ ಇದ್ದರೆ ಹೆದರಬೇಕಿಲ್ಲ. ಮೂಗಿಗೆ ಹೊಡೆಯುವಷ್ಟು ಇದ್ದರೆ ಹಳೆಯದು. ಪುಡಿ ಮಾಡಿ ಇಟ್ಟ ಕರಾಯ ಬಿಸಿಗೂ ತೇವಕ್ಕೂ ಬೇಗ ಬಲ ಕಳೆದುಕೊಳ್ಳುತ್ತದೆ. ಜೂನಿನಲ್ಲಿ ಮಾಡಿದ ಬ್ಯಾಚು ಆಗಸ್ಟಿನಲ್ಲಿ ಮಾಡಿದ್ದಕ್ಕೆ ಹೊಂದದಿದ್ದರೆ ಲೆಕ್ಕ ತಿದ್ದಲು ಹೋಗಬೇಡಿ. ಹರಳಿನ ರೂಪದಲ್ಲಿ ಕೊಳ್ಳಿ, ಬೇಕಾದಷ್ಟನ್ನೇ ಬೇಕಾದಾಗ ಪುಡಿ ಮಾಡಿ.

ಹುಣಸೆ ಬೀಜದ್ದು ಇನ್ನೊಂದು ಕಥೆ. ಒಬ್ಬ ಹುಡುಗ ಅದನ್ನು ತಣ್ಣೀರಿಗೆ ಹಾಕಿ ಎರಡು ದಿನ ಕಲಕಿದ. ಗಟ್ಟಿಯಾಗಲಿಲ್ಲ ಅಂತ ಪೆಚ್ಚು ಮೋರೆ ಹಾಕಿದ್ದ. ಅವನ ಅಜ್ಜನ ಊರಲ್ಲಿ ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಚ್ಚುವುದನ್ನು ಅವನೇ ನೋಡಿದ್ದಾನೆ. ಅವರು ಅದನ್ನು ಕುದಿಸದೆ ಹಚ್ಚುತ್ತಾರಾ? ಬಿಸಿ ಮಾಡದೆ ಅದು ಕರಗುವುದಿಲ್ಲ.

ದಿಂಡಿಗದ ಅಂಟು, ಅದೇ ಘಟ್ಟಿ ಗಮ್, ಗುಳಿಗೆಗಿಂತ ಎಮಲ್ಷನ್ನಿಗೆ, ಅಂದರೆ ಎಣ್ಣೆ ನೀರಿನ ಮಿಶ್ರಣಕ್ಕೆ, ಲಾಯಕ್ಕು. ಕ್ಸಾಂಥಾನ್ ಗಮ್ಮನ್ನು ಗಿಡದ ಅಂಟು ಅಂತ ಥೀಸಿಸ್‌ನಲ್ಲಿ ಬರೆಯುವವರು ಈಗಲೂ ಇದ್ದಾರೆ. ಅದು ಬ್ಯಾಕ್ಟೀರಿಯಾ ಮಾಡುವುದು, ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಬೀಕರಿನಲ್ಲಿ ಗಂಟು ಕಟ್ಟಿದರೆ

ಗುಳಿಗೆಯಲ್ಲಿ ಬೇಕಾದ ಗಂಟು ಬೀಕರಿನಲ್ಲಿ ಬೇಡ. ಗಂಟಿನೊಳಗೆ ಒಣ ಗಮ್ಮು ಸಿಕ್ಕಿಕೊಂಡರೆ ನಿಮ್ಮ ಒಂದು ಪರ್ಸೆಂಟ್ ದ್ರಾವಣ ನಿಜದಲ್ಲಿ ಮುಕ್ಕಾಲು ಪರ್ಸೆಂಟ್ ಆಗಿರುತ್ತದೆ. ಮೇಲೆ ಹೇಳಿದ ಪಿಪೆಟ್ ಪರೀಕ್ಷೆಯೂ ಸುಳ್ಳು ಹೇಳುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ಆಲ್ಕೊಹಾಲ್ ಅಥವಾ ಗ್ಲಿಸರಿನ್‌ನಲ್ಲಿ ನೆನೆಸಿ. ಅವುಗಳಲ್ಲಿ ಗಮ್ಮು ಉಬ್ಬುವುದಿಲ್ಲ, ಕಣಗಳು ಬಿಡಿಬಿಡಿಯಾಗುತ್ತವೆ. ಆಮೇಲೆ ನೀರು ಒಮ್ಮೆಲೇ ಹಾಕಿ ಕಲಕಿ. ಹಳೆ ಕಾಂಪೌಂಡರುಗಳು ಟ್ರ್ಯಾಗಕಾಂತ್ ಎಂಬ ಅಂಟು ಕಲಸುತ್ತಿದ್ದದ್ದು ಹೀಗೆಯೇ.

ಒತ್ತುವಾಗ ಬರುವ ಕಾಟ

ಮೇ ತಿಂಗಳಲ್ಲಿ ಬರುವವರದು ಒಂದೇ ದೂರು, ಗುಳಿಗೆಯ ತಲೆ ಹಾರುತ್ತದೆ ಅಂತ. ಪುಡಿ ಒತ್ತುವ ಪಂಚಿನಿಂದ ಹೊರಬಂದ ಕೂಡಲೇ ಮೇಲಿನ ಬಿಲ್ಲೆ ಟೋಪಿಯ ಹಾಗೆ ಎದ್ದು ಬರುತ್ತದೆ. ಮಳೆಗಾಲದಲ್ಲಿ ಬರುವವರದು ಇನ್ನೊಂದು, ಪುಡಿ ಪಂಚಿಗೆ ಅಂಟಿಕೊಳ್ಳುತ್ತದೆ ಅಂತ. ಮಷೀನು ಎರಡೂ ಸಲ ಅದೇ.

ಗ್ವಾರ್ ಗಮ್ಮು ತನ್ನ ತೂಕದ ಹತ್ತನೇ ಒಂದರಷ್ಟು ನೀರನ್ನು ಸುಮ್ನೆ ಗಾಳಿಯಿಂದಲೇ ಹಿಡಿದಿಟ್ಟುಕೊಂಡಿರುತ್ತದೆ. ನಮ್ಮ ಬೇಸಿಗೆಗೆ ಅದು ಒಣಗುತ್ತದೆ, ಮಳೆಗೆ ಮತ್ತೆ ಹೀರುತ್ತದೆ. ಒಣಗಿದ್ದು ಒತ್ತಿದರೂ ಕೂಡಿಕೊಳ್ಳುವುದಿಲ್ಲ, ತೇವದ್ದು ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಗ್ವಾರ್ ಒತ್ತುವ ಕೆಲಸಕ್ಕೆ ಒಗ್ಗುವ ಪುಡಿಯೂ ಅಲ್ಲ. ರಬ್ಬರಿನ ಹಾಗೆ ಹಿಂದಕ್ಕೆ ಪುಟಿಯುತ್ತದೆ, ಹಾಪರಿನಿಂದ ಸರಾಗವಾಗಿ ಇಳಿಯುವುದಿಲ್ಲ. ತಲೆ ಹಾರುವಾಗ ಒತ್ತಡ ಜಾಸ್ತಿ ಮಾಡುವುದು ಎಲ್ಲರಿಗೂ ತೋಚುವ ಉಪಾಯ. ಅದರಿಂದ ಇನ್ನೂ ಜಾಸ್ತಿ ಹಾರುತ್ತದೆ. ಮಷೀನಿನ ವೇಗ ಇಳಿಸಿ. ಎಂಸಿಸಿ ಸ್ವಲ್ಪ ಏರಿಸಿ. ಬರೀ ಪುಡಿ ಒತ್ತುವ ಬದಲು ಪಿಷ್ಟದ ಅಂಟಿನಿಂದ ಕಾಳು ಕಟ್ಟಿ, ಟ್ರೇ ಡ್ರೈಯರಿನಲ್ಲಿ ಪೂರ್ತಿ ಸುಡುಸುಡು ಒಣಗಿಸದೆ ಎರಡು ಮೂರು ಪರ್ಸೆಂಟ್ ತೇವ ಉಳಿಸಿ. ಸ್ಟಿಯರೇಟ್ ಹಾಕಿದ ಮೇಲೆ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ತಿರುಗಿಸಬೇಡಿ. ಅದು ಕಣಗಳ ಮೈಗೆಲ್ಲ ಜಿಡ್ಡು ಬಳಿದು ನೀರನ್ನೂ ದೂರ ಇಡುತ್ತದೆ, ಗುಳಿಗೆಯನ್ನೂ ಮೆದು ಮಾಡುತ್ತದೆ.



ಪಾತ್ರೆಯಲ್ಲಿ ಏನಾಗುತ್ತಿದೆ, ಬಗ್ಗಿ ನೋಡಿ

ಹುಡುಗರು ಅಂಕಿ ನೋಡುತ್ತಾರೆ, ಗುಳಿಗೆ ನೋಡುವುದಿಲ್ಲ. ಮೊದಲ ಹತ್ತು ನಿಮಿಷ ಪಾತ್ರೆಯ ಮುಂದೆ ಕುರ್ಚಿ ಹಾಕಿಕೊಂಡು ಕೂಡಿ. ಗೋಂದಿನ ಗುಳಿಗೆ ಉಬ್ಬಿ, ಒಳಗಿನ ಗಾಳಿ ಹಿಡಿದುಕೊಂಡು ತೇಲಬಹುದು. ತೇಲಿದರೆ ಒಂದು ಕಡೆ ಮಾತ್ರ ನೀರು ತಾಗುತ್ತದೆ. ತಂತಿಯ ಸುರುಳಿಯಲ್ಲಿ ಇಟ್ಟು ಮುಳುಗಿಸಿ. ಇನ್ನೊಂದು ಪಾತ್ರೆಯಲ್ಲಿ ಅದೇ ಗುಳಿಗೆ ತಳಕ್ಕೆ ಅಂಟಿ ಕೂತಿರುತ್ತದೆ. ಆರು ಪಾತ್ರೆಯ ಅಂಕಿ ಆರು ದಿಕ್ಕಿಗೆ ಹೋಗಿದ್ದರೆ ಬಹಳ ಸಲ ಕಾರಣ ಇದೇ. ಪಾತ್ರೆಯಲ್ಲಿ ತಿರುಗುವ ಜಾಲರಿ ಬುಟ್ಟಿಗೆ ಗುಳಿಗೆ ಹಾಕುತ್ತೇವೆ ಅನ್ನುವವರಿಗೆ ಹೇಳುತ್ತೇನೆ, ಜೆಲ್ಲು ಬುಟ್ಟಿಯ ಜಾಲರಿಯನ್ನೇ ಮುಚ್ಚಿಬಿಡುತ್ತದೆ. ದ್ರವ ಕಲಕುವ ಪ್ಯಾಡಲ್ಲೇ ವಾಸಿ, ನಿಮಿಷಕ್ಕೆ 50 ಸುತ್ತು.

ಮೀಡಿಯಂ ಮಾಡಲು ಬೋರಿನ ನೀರು ಬೇಡ. ಶಹಾಬಾದ್ ಕಲ್ಲಿನ ನಾಡು ನಮ್ಮದು, ನೀರು ಗಡಸು. ಗ್ವಾರಿಗೆ ವಿದ್ಯುತ್ ಚಾರ್ಜ್ ಇಲ್ಲ, ಸುಣ್ಣದ ಅಂಶಕ್ಕೆ ಅದು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಕರಾಯ, ಪೆಕ್ಟಿನ್‌ಗಳಿಗೆ ಚಾರ್ಜ್ ಇದೆ, ಕ್ಯಾಲ್ಸಿಯಂ ಬಂದರೆ ಅವುಗಳ ನಡತೆಯೇ ಬದಲು. ಗ್ವಾರಿನ ವೈರಿ ಬೇರೆ, ಬೋರಾಕ್ಸ್. ಕ್ಷಾರದ ಬೋರೇಟ್ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಅದರ ಸರಪಳಿಗಳು ಒಂದಕ್ಕೊಂದು ಗಂಟು ಬಿದ್ದು ರಬ್ಬರಿನಂಥ ಮುದ್ದೆ ಆಗುತ್ತದೆ. ಔಷಧಿ ಹೊರಗೆ ಬರುತ್ತಲೇ ಇಲ್ಲ ಅಂತ ಒಮ್ಮೆ ಒಬ್ಬ ಬಂದಿದ್ದ. ಬಫರಿನ ಬಾಟಲಿಯ ಚೀಟಿ ಓದಿದ ಮೇಲೆ ಬೇರೆ ಏನೂ ಕೇಳಬೇಕಾಗಲಿಲ್ಲ.

ದೊಡ್ಡ ಕರುಳಿಗೆ ಮಾಡಿದ್ದು ಬಿಡದಿದ್ದರೆ

ಗ್ವಾರ್ ಗಮ್ಮನ್ನು ಹೊಟ್ಟೆ, ಸಣ್ಣ ಕರುಳು ಅರಗಿಸುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿನ್ನುತ್ತವೆ. ಅಲ್ಲಿಗೇ ತಲುಪಬೇಕಾದ ಔಷಧಿಗೆ ಇದು ಬೀಗದ ಹಾಗೆ, ಕೀಲಿ ಬ್ಯಾಕ್ಟೀರಿಯಾದ ಕೈಯಲ್ಲಿ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ವೈ.ಎಸ್.ಆರ್. ಕೃಷ್ಣಯ್ಯ ಮತ್ತು ಸಂಗಡಿಗರು 1998ರ ಸುಮಾರಿಗೆ ವಿಕಿರಣ ಸೂಸುವ ಟೆಕ್ನೀಷಿಯಂ ಗುರುತು ಹಾಕಿದ ಗ್ವಾರ್ ಗುಳಿಗೆಗಳನ್ನು ಮನುಷ್ಯರಿಗೆ ಕೊಟ್ಟು, ಗಾಮಾ ಕ್ಯಾಮರಾದಲ್ಲಿ ಅದು ಎಲ್ಲಿ ಒಡೆಯುತ್ತದೆ ಅಂತ ನೋಡಿದರು. ದೊಡ್ಡ ಕರುಳು ತಲುಪಿದ ಮೇಲೆಯೇ ಒಡೆಯಿತು.

ಇಂಥ ಗುಳಿಗೆ ಲ್ಯಾಬಿನಲ್ಲಿ 24 ತಾಸಾದರೂ ಬಿಡಲಿಲ್ಲ ಅಂದರೆ ಗುಳಿಗೆಯನ್ನು ಬೈಯುವ ಮೊದಲು ಬ್ಯಾಕ್ಟೀರಿಯಾ ಬದುಕಿದ್ದವೇ ಕೇಳಿ. ಬರೀ 6.8 ಪಿಎಚ್ ಬಫರಿನಲ್ಲಿ ಕೀಲಿಯೇ ಇರುವುದಿಲ್ಲ. ಇಲಿಯ ಸೀಕಮ್ಮಿನ (ದೊಡ್ಡ ಕರುಳಿನ ಮೊದಲ ಚೀಲ) ದ್ರವ ಬಳಸುವವರು ಅದಕ್ಕೆ ಗಾಳಿ ತಾಗಿಸಿದರೆ ಆಮ್ಲಜನಕಕ್ಕೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಇಂಗಾಲದ ಡೈಆಕ್ಸೈಡ್ ಅಥವಾ ನೈಟ್ರೋಜನ್ ಬಿಡುತ್ತಲೇ ಇರಬೇಕು. ಇಲಿಗಳಿಗೆ ಮೊದಲು ಕೆಲವು ದಿನ ಗ್ವಾರ್ ದ್ರಾವಣ ಕುಡಿಸಿ ರೂಢಿ ಮಾಡಿಸಿರದಿದ್ದರೂ ಕೀಲಿ ಮೊಂಡಾಗಿರುತ್ತದೆ. ಎಥಿಕ್ಸ್ ಕಮಿಟಿಯ ಅನುಮತಿ ಇಲ್ಲದೆ ಇಲಿ ಮುಟ್ಟುವ ಮಾತೇ ಇಲ್ಲ. ಅದು ತಡವಾಗುತ್ತದೆ ಅನ್ನುವವರು ಗ್ವಾರ್ ಒಡೆಯುವ ಕಿಣ್ವ ಕೊಂಡು ಬಫರಿಗೆ ಹಾಕಿ ನೋಡಬಹುದು.

ಕೊನೆಗೆ ಫಾರ್ಮುಲಾ

ಅಳತೆ, ಗಮ್ಮು, ಮಷೀನು ಮೂರೂ ಸರಿ ಇದ್ದು ಮೊದಲ ತಾಸು ಇನ್ನೂ ಸೋರುತ್ತಿದ್ದರೆ ಆಗ ಫಾರ್ಮುಲಾ ತೆಗೆಯಿರಿ. ಲ್ಯಾಕ್ಟೋಸ್ ಇದ್ದರೆ ಅದು ಕರಗಿ ಜೆಲ್ಲಿನಲ್ಲಿ ತೂತು ಬಿಡುತ್ತದೆ, ಬದಲಿಗೆ ಕರಗದ ಡೈಕ್ಯಾಲ್ಸಿಯಂ ಫಾಸ್ಫೇಟ್ ಹಾಕಿ. ಒಮ್ಮೆ ಒಬ್ಬ ಮಾಮೂಲಿ ಗುಳಿಗೆಯ ಪಟ್ಟಿಯನ್ನೇ ಇಳಿಸಿಕೊಂಡು, ಬಿರಿಯಲೆಂದೇ ಹಾಕುವ ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟನ್ನೂ ಹಾಕಿದ್ದ. ಬಾಗಿಲು ಹಾಕುವವನನ್ನೂ ಒಡೆಯುವವನನ್ನೂ ಒಂದೇ ಕೋಣೆಯಲ್ಲಿ ಇಟ್ಟ ಹಾಗೆ.

ಗ್ರಾಫಿನ ವಿಷಯ ಒಂದೇ ಮಾತು. ಔಷಧಿ ಹೇಗೆ ಹೊರಗೆ ಬರುತ್ತಿದೆ ಅಂತ ಹೇಳುವ ಪೆಪ್ಪಾಸ್ ಸಮೀಕರಣದ ಎನ್ ಬೆಲೆ ಗುಳಿಗೆಯಂಥ ಸಿಲಿಂಡರ್ ಆಕಾರಕ್ಕೆ 0.45 ಮತ್ತು 0.89ರ ನಡುವೆ ಇದ್ದರೆ ತೂರುವುದೂ ಉಬ್ಬುವುದೂ ಎರಡೂ ನಡೆದಿವೆ ಅಂತ. ಅದನ್ನು ಮೊದಲ 60 ಪರ್ಸೆಂಟ್ ಬಿಡುಗಡೆಯ ಬಿಂದುಗಳಿಗೆ ಮಾತ್ರ ಹಾಕಬೇಕು. ಪೂರ್ತಿ ಹನ್ನೆರಡು ತಾಸಿಗೆ ಹಾಕಿ ಆರ್-ಸ್ಕ್ವೇರ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದಿತು ಎಂಬ ಅಂಕಿ) 0.99 ಬಂತು ಅಂತ ಖುಷಿಪಟ್ಟರೆ ಪರೀಕ್ಷಕರು ಖುಷಿಪಡುವುದಿಲ್ಲ.

ಹುಡುಗಿ ಹೊಸ ಪುಡಿಯನ್ನು 100 ಮೆಶ್ ಹಾಯಿಸಿ, ಜರಡಿ ದಾಟಿದ್ದರಿಂದಷ್ಟೇ ಗುಳಿಗೆ ಒತ್ತಿದಳು. ಗಮ್ಮು ಅದೇ 120 ಮಿ.ಗ್ರಾಂ. ಮೊದಲ ತಾಸಿನ ಸುರಿತ ನಿಂತಿತು, ಹತ್ತು ತಾಸಿನವರೆಗೆ ಎಳೆಯಿತು. ಜನವರಿಯ ಹನ್ನೆರಡು ಬರಲಿಲ್ಲ, ಗಮ್ಮೇ ಅಷ್ಟು ಬಲವಿಲ್ಲ. ಅಲ್ಲಿ ಮಾತ್ರ ಫಾರ್ಮುಲಾ ಮುಟ್ಟಿದಳು, 120 ಇದ್ದದ್ದನ್ನು 135 ಮಾಡಿ ಎಂಸಿಸಿಯಲ್ಲಿ 15 ಕಳೆದಳು.

ಮರುವಾರ ಲ್ಯಾಬಿಗೆ ಹೋದಾಗ ಅವಳ ಟೇಬಲ್ ಮೇಲೆ ಸಣ್ಣ ಗಾಜಿನ ಶೀಶೆಗಳು ಸಾಲಾಗಿ ಇದ್ದವು. ಒಂದೊಂದರಲ್ಲಿ ಒಂದೊಂದು ಪೊಟ್ಟಣದ ಐದೈದು ಗ್ರಾಂ, ಮೇಲೆ ತಂದ ತಾರೀಖು, ಲಾಟ್ ನಂಬರ್, ಕಾಲು ತಾಸಿಗೆ ಪಿಪೆಟ್ ಇಳಿದ ಸೆಕೆಂಡು. ಜರಡಿ ಮೇಲೆ ಉಳಿದ ರವೆಯೂ ಒಂದರಲ್ಲಿ ಇತ್ತು. "ಇದು ಯಾಕವ್ವಾ?" ಅಂದೆ. "ಆ ಅಂಗಡಿಯಾಂವಗ ತೋರಸ್ಲಾಕ್ರೀ ಸರ್" ಅಂದಳು.